ಸಾಲಿನ ಕೊನೆಯ ಗಾಡಿ

ಸಂಸೆ
5 ಸೆಪ್ಟೆಂಬರ್ 2025

ದಿಲೀಪ,

ಫೋನಿನಲ್ಲಿ ಮಾತಾಡಿದರೆ ನಾಲ್ಕನೆಯ ಮಾತಿಗೆ ನಮ್ಮಿಬ್ಬರಲ್ಲಿ ಒಬ್ಬರು ಕಟ್ ಮಾಡುತ್ತೇವೆ. ಹೋದ ಸಲ ಕಟ್ ಮಾಡಿದವಳು ನಾನು. ಆದ್ದರಿಂದ ಇನ್ನು ಕಾಗದ. ಶನಿವಾರ ಶನಿವಾರ ಬೆಳ್ಳಿಯಪ್ಪ ಪಿಕಪ್ಪಿನಲ್ಲಿ ಎಸ್ಟೇಟಿನ ಸಾಮಾನಿಗೆಂದು ಚಿಕ್ಕಮಗಳೂರಿಗೆ ಬರುತ್ತಾನಲ್ಲ, ಅವನ ಕೈಲೇ ಕಳಿಸುತ್ತೇನೆ. ಅವನ ಕೈಲೇ ಉತ್ತರ ಕಳಿಸು.

ಮೊದಲು ಜೀಪಿನ ವಿಷಯ. ಅಪ್ಪನ ಜೀಪನ್ನು ಅತ್ತಿಗುಂಡಿಯ ಟೂರಿಸ್ಟ್ ಗಾಡಿಯವರಿಗೆ ಮಾರಿದ್ದು ನನಗೆ ಗೊತ್ತಾದದ್ದು ಬೆಳ್ಳಿಯಪ್ಪನ ಬಾಯಿಂದ. "ನಮ್ಮ ಜೀಪು ಗಿರಿ ಹತ್ತುವಾಗ ಕಂಡೆ ಅಮ್ಮ. ಹಿಂದೆ ಜನ ನಿಂತ್ಕಂಡು ಕೂಗ್ತಿದ್ರು," ಎಂದ. ಎರಡು ಸಲ ಫಿಟ್ಸ್ ಬಂದವಳು ಸ್ಟೇರಿಂಗ್ ಹಿಡಿಯಬಾರದು ಎಂದು ಮಂಗಳೂರಿನ ಡಾಕ್ಟರು ಹೇಳಿದಾಗ ನಾನು ಎದುರಾಡಲಿಲ್ಲ. ಕೀಲಿಯನ್ನು ನಾನೇ ನಿನ್ನ ಅಂಗೈಯಲ್ಲಿಟ್ಟೆ. ಇಟ್ಟುಕೋ ಎಂದು ಕೊಟ್ಟದ್ದು, ಮಾರು ಎಂದಲ್ಲ. ಇದನ್ನು ಫೋನಿನಲ್ಲಿ ಹೇಳಿದ್ದರೆ ದನಿ ನಡುಗುತ್ತಿತ್ತು. ಅಕ್ಷರ ನಡುಗುವುದಿಲ್ಲ, ನೋಡು.

ಇನ್ನು ನನ್ನ ಗಾಡಿಯ ವಿಷಯ. ಹೌದು, ರಿಮೋಟ್ ಟ್ರಕ್ಕು ಕೊಂಡಿದ್ದೇನೆ. ಮಕ್ಕಳು ಮನೆಯೊಳಗೆ ಓಡಿಸುವಂಥದ್ದಲ್ಲ. ನನ್ನ ಒಂದು ದೊಡ್ಡ ಹೆಜ್ಜೆಗಿಂತ ಉದ್ದ ಇದೆ, ಎತ್ತಿದರೆ ಸೊಂಟ ಹಿಡಿಯುತ್ತದೆ. ಕಲ್ಲು, ಕೆಸರು, ಬೇರು ಯಾವುದಕ್ಕೂ ನಿಲ್ಲುವುದಿಲ್ಲ. ರಿಮೋಟ್ ಹಿಡಿದು ಅದರ ಹಿಂದೆ ನಡೆಯುತ್ತೇನೆ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಗೇಟು ದಾಟಿರಲಿಲ್ಲ, ದಿಲೀಪ. ಕಾಲು ಸರಿಯಿತ್ತು, ದಾರಿಯೂ ಇತ್ತು. ದಾರಿಯಲ್ಲಿ ಬಿದ್ದರೆ ಎಂಬುದೊಂದೇ ಗೇಟಿಗೆ ಬೀಗ ಹಾಕಿತ್ತು. ಈಗ ದಿನಾ ಸಂಜೆ ತೋಟದ ಮೇಲಿನ ಬ್ಲಾಕಿನವರೆಗೆ ಹೋಗಿ ಬರುತ್ತೇನೆ. ಮುಂದೆ ಏನೋ ಒಂದು ಹೋಗುತ್ತಿದ್ದರೆ ಹಿಂದೆ ಹೋಗುವುದು ಸುಲಭ.

ಆಯುಧಪೂಜೆಗೆ ಕಾಫಿ ಕಣದಲ್ಲಿ ಎಸ್ಟೇಟಿನ ಗಾಡಿಗಳು ಸಾಲಾಗಿ ನಿಲ್ಲುವಾಗ ಇದೂ ನಿಲ್ಲುತ್ತದೆ. ಆಮೇಲೆ ಹೇಳಲಿಲ್ಲ ಅನ್ನಬೇಡ.

ಮಣಿಯದ ಅಕ್ಕ,
ತಾರಿಣಿ


ಚಿಕ್ಕಮಗಳೂರು
13 ಸೆಪ್ಟೆಂಬರ್ 2025

ಅಕ್ಕ,

ಪೂರ್ತಿ ಓದಿದೆ. ಎರಡು ಸಲ.

ಜೀಪು ಶೆಡ್ಡಿನಲ್ಲಿದ್ದರೆ ಒಂದಲ್ಲ ಒಂದು ದಿನ ನೀನು ಹತ್ತುತ್ತಿದ್ದೆ. ಅದು ನನಗೂ ಗೊತ್ತು, ನಿನಗೂ ಗೊತ್ತು. ಆ ವಿಷಯ ಇಷ್ಟೇ.

ಮೊನ್ನೆ ಮೂಡಿಗೆರೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಯಾರೋ ತೆಗೆದ ನಿನ್ನ ಗಾಡಿಯ ವಿಡಿಯೋ ನನಗಿಂತ ಮೊದಲೇ ಹೋಗಿ ಊಟಕ್ಕೆ ಕೂತಿತ್ತು. "ಏನ್ ದಿಲೀಪ್, ನಿಮ್ಮಕ್ಕ ಹೊಸ ಲಾರಿ ಇಳಿಸಿದಾರಂತೆ! ಕಾಫಿ ಲೋಡ್ ಮಾಡ್ತಾರಾ, ಒಂದೊಂದೇ ಬೀಜ?" ಅಂದರು. ಪಂಕ್ತಿ ಪೂರ್ತಿ ನಕ್ಕಿತು. ನಾನೂ ನಕ್ಕೆ. ಬೇರೆ ಏನು ಮಾಡಲಿ?

ನಾನು ಹೇಳಬೇಕಾದ್ದು ಬೇರೆ ಇದೆ. ಮೂಡಿಗೆರೆಯ ಹರ್ಷವರ್ಧನ ಅನ್ನುವವರು, ಹೋಂಸ್ಟೇ ನಡೆಸುವವರು, ಸಂಸೆಯ ಮನೆಯನ್ನು ಲೀಸಿಗೆ ಕೇಳಿದ್ದಾರೆ. ಕೊಯ್ಲಿನ ಗಡಿಬಿಡಿ ಇಳಿದ ಮೇಲೆ, ಜನವರಿಯಲ್ಲಿ ಕೊಡೋಣ ಅಂತಿದ್ದೇನೆ. ಮನೆ ನಮ್ಮಿಬ್ಬರದು, ಅದನ್ನು ಮರೆತಿಲ್ಲ. ಆದರೆ ನೀನು ಅಲ್ಲಿ ಒಬ್ಬಳೇ ಇದ್ದು ಎಲ್ಲೋ ಬಿದ್ದರೆ ಯಾರಿಗೆ ಗೊತ್ತಾಗುತ್ತೆ? ಇಲ್ಲಿ ನಮ್ಮ ಮನೆಯ ಕೆಳಗಿನ ರೂಮು ಖಾಲಿ ಇದೆ. ಆಸ್ಪತ್ರೆ ಹತ್ತಿರ, ಲೈಬ್ರರಿ ಹತ್ತಿರ. ನಿನ್ನ ಕವನದ ಪುಸ್ತಕಗಳಿಗೆ ಒಂದು ಕಪಾಟು ಮಾಡಿಸುತ್ತೇನೆ.

ಇನ್ನು ಸಾಲು. ಅಪ್ಪನ ನಿಯಮ ನಿನಗೇ ಗೊತ್ತು. ಪೂಜೆಯಾದ ಮೇಲೆ ಎಲ್ಲ ಗಾಡಿಗಳೂ ಒಟ್ಟಿಗೆ ಹೆಡ್‌ಲೈಟ್ ಹಾಕಿ ಕಣ ಸುತ್ತಬೇಕು. ಲೈಟ್ ಇಲ್ಲದ ಗಾಡಿಗೆ ಸಾಲಿನಲ್ಲಿ ಜಾಗ ಇಲ್ಲ. ಒಂದು ವರ್ಷ ನನ್ನ ಲೂನಾದ ಬಲ್ಬು ಹೋಗಿದೆ ಅಂತ ಅಪ್ಪ ಎಲ್ಲರ ಎದುರು ಅದನ್ನು ತಳ್ಳಿಕೊಂಡು ಹೋಗಿ ಶೆಡ್ಡಿಗೆ ಹಾಕಿದ್ದರು. ನಿನ್ನ ಗಾಡಿಗೆ ಲೈಟ್ ಇಲ್ಲ. ಹಾಗಾಗಿ ಆ ಮಾತು ಬೇಡ.

ದಿಲೀಪ್


ಸಂಸೆ
26 ಸೆಪ್ಟೆಂಬರ್ 2025

ದಿಲೀಪ,

ಲೈಟ್ ಇಲ್ಲ ಎಂದು ನೀನು ಬರೆದಿದ್ದೆ. ಈಗ ಇದೆ.

ಬೆಳ್ಳಿಯಪ್ಪನ ಪಿಕಪ್ಪಿನಲ್ಲಿ ಕಳಸದ ಷಡಕ್ಷರಿಯ ಅಂಗಡಿಗೆ ಹೋದೆ. ಬೈಕುಗಳಿಗೆ ಹಾಕುವ ಎಲ್‌ಇಡಿ ಲೈಟು ತೋರಿಸಿದ. "ಇದಕ್ಕಿಂತ ಜೋರು ಉಂಟಾ?" ಎಂದು ಕೇಳಿದೆ. "ಇದಕ್ಕಿಂತ ಜೋರು ಬೇಕಂದ್ರೆ ಮೇಡಂ, ಬೆಳಿಗ್ಗೆವರೆಗೆ ಕಾಯ್ಬೇಕು, ಸೂರ್ಯ ಬರ್ತದೆ," ಎಂದ. ತಂದು ನೇರ ಗಾಡಿಯ ಬ್ಯಾಟರಿಗೇ ತಂತಿ ಕೊಟ್ಟೆ. ಒಂದು ಕ್ಷಣ ಅಂಗಳವೆಲ್ಲ ಬೆಳ್ಳಗಾಯಿತು. ಆಮೇಲೆ ಸುಟ್ಟ ವಾಸನೆ. ಬ್ಯಾಟರಿಯ ವೋಲ್ಟೇಜು ಆ ಲೈಟು ತಡೆಯುವುದಕ್ಕಿಂತ ಹೆಚ್ಚಂತೆ. ಅದನ್ನು ಇಳಿಸಿ ಕೊಡಲು ಬೆಂಕಿಪೊಟ್ಟಣದಷ್ಟು ಚಿಕ್ಕ ಬೋರ್ಡು ಸಿಗುತ್ತದೆ. ಅದನ್ನೂ ತರಿಸಿದೆ. ಬೆಸುಗೆ ಹಾಕುವುದನ್ನು ಕಲಿತೆ. ಎಡಗೈಯ ಎರಡು ಬೆರಳಿಗೆ ಬೊಬ್ಬೆ ಬಂದಿದೆ. ಎಂ.ಎ. ಮಾಡುವಾಗ ಇಷ್ಟು ಶ್ರದ್ಧೆಯಿಂದ ಓದಿದ್ದರೆ ರ‍್ಯಾಂಕ್ ಬರುತ್ತಿತ್ತು.

ಎರಡನೆಯ ಸಲ ಟ್ರಕ್ಕಿನ ನೆತ್ತಿಯ ಮೇಲೆ ಬಿಳಿ ಲೈಟು ಕಟ್ಟಿ ಸಂಜೆ ಮಂಜಿಳಿಯುವಾಗ ಹೊರಟೆ. ಸ್ವಿಚ್ ಒತ್ತಿದ್ದೇ ತಡ, ಎದುರಿಗೆ ಬಿಳಿಗೋಡೆ. ಗಾಡಿ ಎಲ್ಲಿದೆ, ರಸ್ತೆ ಎಲ್ಲಿದೆ, ಒಂದೂ ಕಾಣದು. ಸೀದಾ ಚರಂಡಿಗೆ ಹೋಗಿ ಮಗುಚಿಕೊಂಡಿತು. ಮಂಜಿಗೆ ಹಳದಿ ಲೈಟು ಬೇಕು, ಅದೂ ಬಂಪರಿನ ಕೆಳಗೆ ಇರಬೇಕು ಎಂದು ಈ ಘಟ್ಟದಲ್ಲಿ ಯಾರಿಗೆ ಗೊತ್ತಿಲ್ಲ ಹೇಳು? ಜೀಪಿಗೆ ಹಳದಿ ಲೈಟು ಹಾಕಿಸಿದವಳೇ ನಾನು. ಕೋಪದಲ್ಲಿ ಮರೆತೆ. ನಿನ್ನ ಕಣ್ಣು ಕುಕ್ಕಬೇಕು ಎಂದು ಕಟ್ಟಿದ್ದು, ಕುಕ್ಕಿದ್ದು ನನ್ನ ಕಣ್ಣು.

ಕೆಲಸದವರ ಲೈನ್ ಮನೆಯಿಂದ ಗುಲಾಬಿ ಓಡಿ ಬಂದಳು. ಗೊತ್ತಲ್ಲ, ಸಸಿ ನರ್ಸರಿ ಕೆಲಸದ ಗುಲಾಬಿ. ಚರಂಡಿಗಿಳಿದು ಗಾಡಿಯ ಚಕ್ರ ಹಿಡಿದೆತ್ತುತ್ತಾ, "ಇದಕ್ಕೆ ಹುಲ್ಲು ಹಾಕುದು ಬೇಡ, ನೀರು ಕೊಡುದು ಬೇಡ, ಆದ್ರೂ ದನದ ಹಾಗೇ ಚರಂಡಿಗೆ ಬೀಳ್ತದಲ್ಲ ಅಮ್ಮ!" ಎಂದಳು. ಇಬ್ಬರೂ ಚರಂಡಿಯ ದಂಡೆಯಲ್ಲಿ ಕೂತು ನಕ್ಕೆವು. ಯಾವಾಗ ಹಾಗೆ ನಕ್ಕಿದ್ದೆನೋ ನೆನಪಿಲ್ಲ.

ಈಗ ಬಂಪರಿನ ಕೆಳಗೆ ಎರಡು ಹಳದಿ ಲೈಟು, ದಾರಿಗೆ. ನೆತ್ತಿಯ ಮೇಲೆ ಬಿಳಿ ಲೈಟು, ಪೂಜೆಗೆ.

ಕೆಳಗಿನ ರೂಮಿಗೆ ಬರುವುದಿಲ್ಲ. ಕಪಾಟು ಮಾಡಿಸಬೇಡ.

ಬೆರಳು ಸುಟ್ಟುಕೊಂಡ,
ತಾರಿಣಿ


ಚಿಕ್ಕಮಗಳೂರು
27 ಸೆಪ್ಟೆಂಬರ್ 2025

ಅಕ್ಕ,

ಬೆಳ್ಳಿಯಪ್ಪ ಸಾಮಾನು ಏರಿಸುತ್ತಿದ್ದಾನೆ, ನಿಂತೇ ಬರೆಯುತ್ತಿದ್ದೇನೆ. ಜೋರು ಬೆಳಕು ಕಣ್ಣಿಗೆ ಹೊಡೆದರೆ ಫಿಟ್ಸ್ ಬರುತ್ತೆ ಅಂತ ಎಲ್ಲೋ ಓದಿದೆ. ದಯವಿಟ್ಟು ಆ ಲೈಟು ಬಿಚ್ಚು.

ಹರ್ಷವರ್ಧನ ದಂಪತಿಯನ್ನು ಪೂಜೆಗೆ ಕರೆದಿದ್ದೇನೆ, ಮನೆಯನ್ನೂ ನೋಡಿದ ಹಾಗಾಗುತ್ತೆ. ಅವತ್ತೊಂದು ದಿನ ಗಾಡಿ ಒಳಗಿರಲಿ. ಹೇಳುತ್ತಿಲ್ಲ ಅಕ್ಕ, ಕೇಳಿಕೊಳ್ಳುತ್ತಿದ್ದೇನೆ.

ದಿಲೀಪ್


ಸಂಸೆ
3 ಅಕ್ಟೋಬರ್ 2025

ದಿಲೀಪ,

ಮಂಗಳೂರಿನಲ್ಲಿ ನನ್ನ ತಲೆಗೆ ತಂತಿ ಅಂಟಿಸಿ, ಕಣ್ಣೆದುರು ಲೈಟು ಮಿನುಗಿಸಿಯೇ ಪರೀಕ್ಷೆ ಮಾಡಿದರು. ನನ್ನ ಫಿಟ್ಸಿಗೂ ಬೆಳಕಿಗೂ ಸಂಬಂಧವಿಲ್ಲ ಎಂದರು. ನೀನಾಗ ಹೊರಗೆ ಫೋನಿನಲ್ಲಿದ್ದೆ.

ಮೊನ್ನೆಯದನ್ನು ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಅದು ಆಗಲೇ ಇಲ್ಲ ಎನ್ನುವಂತೆ ನಾವಿಬ್ಬರೂ ನಡೆದುಕೊಳ್ಳುತ್ತೇವೆ. ಅದಕ್ಕೇ ಬರೆಯುತ್ತೇನೆ.

ಟ್ರ್ಯಾಕ್ಟರ್, ಪಿಕಪ್, ನಿನ್ನ ಕಾರು, ಮೇಸ್ತ್ರಿ ದಾಸಯ್ಯನ ಬೈಕು, ಕೊನೆಗೆ ನನ್ನದು. ಭಟ್ಟರು ಎಲ್ಲದಕ್ಕೂ ಹಚ್ಚಿದ ಹಾಗೆ ನನ್ನದಕ್ಕೂ ಕುಂಕುಮ ಹಚ್ಚಿದರು. ಬಗ್ಗಬೇಕಾಯಿತು, ಅಷ್ಟೇ ವ್ಯತ್ಯಾಸ. ಲೈಟ್ ಹಾಕಿ ಎಂದು ದಾಸಯ್ಯ ಕೂಗಿದ. ಎಲ್ಲರೂ ಹಾಕಿದರು. ನನ್ನದು ಎಲ್ಲಕ್ಕಿಂತ ಬೆಳ್ಳಗಿತ್ತು, ಕಣದ ಆಚೆ ಅಂಚಿನ ಸಿಲ್ವರ್ ಓಕ್ ಮರಗಳ ತೊಗಟೆಯವರೆಗೆ ಕಂಡಿತು. ಹರ್ಷವರ್ಧನರ ಹೆಂಡತಿ "ಅಯ್ಯೋ ಕ್ಯೂಟ್!" ಎಂದು ಫೋನ್ ತೆಗೆದರು. ನೀನು ಬಂದೆ. ಕಣದ ಬದಿಯಿಂದ ಒಂದು ಗೋಣಿಚೀಲ ಎತ್ತಿಕೊಂಡು ನನ್ನ ಗಾಡಿಯ ಮೇಲೆ ಹೊದಿಸಿದೆ. ಗೋಣಿಯ ನೇಯ್ಗೆಯಿಂದ ಬೆಳಕು ಸಣ್ಣ ಸಣ್ಣ ಚುಕ್ಕಿಯಾಗಿ ಸೋರುತ್ತಿತ್ತು.

ನಾನು ಗೋಣಿ ತೆಗೆಯಲಿಲ್ಲ. ಗೋಣಿ ಹೊದ್ದ ಗಾಡಿಯನ್ನೇ ಕಣ ಸುತ್ತಿಸಿದೆ. ಪೂರ್ತಿ ಸುತ್ತು.

ನೀನು ಹೊದಿಸಿದ್ದು ಗಾಡಿಗಲ್ಲ ಎಂದು ನನಗೆ ಅನಿಸಿತು. ತಪ್ಪಾಗಿ ಅನಿಸಿದ್ದರೆ ಬರೆ.

ತಾರಿಣಿ


ಚಿಕ್ಕಮಗಳೂರು
18 ಅಕ್ಟೋಬರ್ 2025

ಅಕ್ಕ,

ಹಣ್ಣು ಸುಲಿಯುವ ಪಲ್ಪರಿನ ಬೆಲ್ಟು ಕಳಿಸಿದ್ದೇನೆ, ದಾಸಯ್ಯನಿಗೆ ಕೊಡು. ಕೊಯ್ಲಿಗೆ ಮೊದಲು ಮೋಟರು ಒಂದು ಸಲ ಓಡಿಸಿ ನೋಡಲಿ. ನಿನ್ನ ಮಾತ್ರೆಗಳೂ ಅದೇ ಚೀಲದಲ್ಲಿವೆ.

ಹರ್ಷವರ್ಧನ ಅವರಿಗೆ ಮನೆ ಹಿಡಿಸಿದೆ. ಜನವರಿ ಎರಡನೇ ವಾರ ಅವರ ಕೆಲಸದವರು ಬರುತ್ತಾರೆ.

ದಿಲೀಪ್


ಸಂಸೆ
7 ನವೆಂಬರ್ 2025

ದಿಲೀಪ,

ಬೆಲ್ಟು ಸರಿಯಾಗಿದೆ. ನಾನು ಕೇಳಿದ್ದಕ್ಕೆ ಬೆಲ್ಟು ಉತ್ತರವಲ್ಲ. ಇರಲಿ.

ಬಿದ್ದರೆ ಯಾರಿಗೆ ಗೊತ್ತಾಗುತ್ತೆ ಎಂದು ಕೇಳಿದ್ದೆಯಲ್ಲ? ಇಲ್ಲಿ ಏನು ನಡೆಯುತ್ತಿದೆ ಕೇಳು. ರಿಮೋಟಿನಿಂದ ಬೆರಳು ತೆಗೆದರೆ ಗಾಡಿ ನಿಲ್ಲುತ್ತದೆ, ಲೈಟು ಮಾತ್ರ ಉರಿಯುತ್ತಲೇ ಇರುತ್ತದೆ. ನಮ್ಮ ಎಸ್ಟೇಟ್ ರಸ್ತೆ ಲೈನ್ ಮನೆಗಳಿಗೆ ಎದುರಿನ ಗುಡ್ಡದಲ್ಲೇ ಹಾವಿನ ಹಾಗೆ ಹತ್ತುತ್ತದೆ. ಒಲೆಯ ಮುಂದೆ ಕೂತವರಿಗೂ ಹಳದಿ ಲೈಟು ಕಾಣುತ್ತದೆ. ಅವರೇ ಒಂದು ಲೆಕ್ಕ ಹಾಕಿಕೊಂಡಿದ್ದಾರೆ: ಲೈಟು ನಡೆಯುತ್ತಿದ್ದರೆ ಅಮ್ಮ ನಡೆಯುತ್ತಿದ್ದಾರೆ, ನಿಂತರೆ ಅಮ್ಮ ಬಿದ್ದಿದ್ದಾರೆ.

ಇದು ನನಗೆ ಗೊತ್ತಿರಲಿಲ್ಲ. ಒಂದು ಸಂಜೆ ಮೇಲಿನ ಬ್ಲಾಕಿನ ಕಲ್ಲಿನ ಮೇಲೆ ಕೂತು, ಎರಡು ಸಾಲು ನೆನಪಾಗಿ ಮೂರನೆಯದು ಬಾರದ ಒಂದು ಪದ್ಯವನ್ನು ಹುಡುಕುತ್ತಿದ್ದೆ. ಕೆಳಗಿನಿಂದ ಕಾಫಿ ಗಿಡ ಮುರಿದುಕೊಂಡು ಗುಲಾಬಿಯೂ ಇನ್ನಿಬ್ಬರು ಹೆಂಗಸರೂ ಬಂದೇ ಬಂದರು. ಒಬ್ಬಳ ಕೈಯಲ್ಲಿ ಕಬ್ಬಿಣದ ಸೌಟು! ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕಂತೆ.

"ಎಂತ ಆಯ್ತು ಅಮ್ಮ, ಬಿದ್ರಾ?"

"ಇಲ್ಲ ಮಾರಾಯ್ತಿ, ಕೂತಿದ್ದೆ."

"ಕೂತದ್ದಾ! ಅನ್ನ ಬಸಿಯುದು ಬಿಟ್ಟು ಓಡಿ ಬಂದದ್ದು ನಾನು. ಕೂರುದಾದ್ರೆ ಮನೇಲಿ ಕೂರಿ. ರಸ್ತೆಗೆ ಬಂದ ಮೇಲೆ ನಡೀಬೇಕು!"

ಸಿಟ್ಟು ಬಂತು. ಕಾವಲು ಬೇಡ ಎಂದೆ. "ಕಾವಲು ಯಾರು ಕಾಯ್ತಾರೆ ನಿಮ್ಮನ್ನು? ಕಣ್ಣಿಗೆ ಕಾಣ್ತದೆ, ನೋಡ್ತೇವೆ," ಎಂದಳು. ಕಬ್ಬಿಣ ಬೇಡ, ಸುಮ್ಮನೆ ಪಕ್ಕಕ್ಕೆ ಮಗ್ಗುಲಾಗಿಸಿ ಮಲಗಿಸಬೇಕು ಎಂದು ಅಲ್ಲೇ ಕಲ್ಲಿನ ಮೇಲೆ ಮಲಗಿ ತೋರಿಸಿದೆ. ಈಗ ಎಲ್ಲಾದರೂ ಕೂರಬೇಕೆನಿಸಿದರೆ ಗಾಡಿಯನ್ನು ಮುಂದೆ ಹಿಂದೆ ಆಡಿಸುತ್ತಾ ಕೂರುತ್ತೇನೆ. ತೊಟ್ಟಿಲು ತೂಗಿದ ಹಾಗೆ.

ಜನವರಿಗೆ ಯಾರನ್ನೂ ಕಳಿಸಬೇಡ.

ತಾರಿಣಿ


ಚಿಕ್ಕಮಗಳೂರು
29 ನವೆಂಬರ್ 2025

ಅಕ್ಕ,

ಇವತ್ತು ನೀನು ಕಾಗದ ಕಳಿಸಲಿಲ್ಲ. ಯಾಕೆ ಅಂತ ಬೆಳ್ಳಿಯಪ್ಪನನ್ನು ಕೇಳಿದೆ. "ಅಮ್ಮ ಹೇಳ್ಬೇಡ ಅಂದಿದ್ದಾರೆ," ಅಂದ. ಅಷ್ಟು ಹೇಳಿದ ಮೇಲೆ ಅವನು ಉಳಿದದ್ದನ್ನೂ ಹೇಳಲೇಬೇಕಾಯಿತು.

ಬಚ್ಚಲಲ್ಲಿ ಬಿದ್ದೆಯಂತೆ. ಒಳಗಿಂದ ಚಿಲಕ. ಗುಲಾಬಿ ಹಾಲು ತಂದು ಕೂಗಿ ಕೂಗಿ, ಕೊನೆಗೆ ದಾಸಯ್ಯ ಬಂದು ಬಾಗಿಲು ಒಡೆದನಂತೆ. ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದು, ಸಂಜೆ ಅದೇ ಗಾಡಿ ತೆಗೆದುಕೊಂಡು ಹೊರಗೆ ಹೋದೆಯಂತೆ!

ನನಗೆ ಇದನ್ನು ನಿನ್ನ ಡ್ರೈವರ್ ಹೇಳಬೇಕಾ? ಇಷ್ಟು ದಿನ ಸುಮ್ಮನಿದ್ದೆ. ಇನ್ನಿಲ್ಲ. ಜನವರಿವರೆಗೆ ಕಾಯುವುದಿಲ್ಲ. ಮುಂದಿನ ಭಾನುವಾರ, ಏಳನೇ ತಾರೀಕು ಬರುತ್ತೇನೆ. ಬಟ್ಟೆ ಪುಸ್ತಕ ಕಟ್ಟಿಟ್ಟಿರು. ಗಾಡಿ ಬೇಕಿದ್ದರೆ ಅದನ್ನೂ ಹಾಕಿಕೊಂಡು ಬರೋಣ, ಇಲ್ಲಿ ಅಂಗಳ ಇದೆ.

ದಿಲೀಪ್


ಸಂಸೆ
5 ಡಿಸೆಂಬರ್ 2025

ದಿಲೀಪ,

ಕಟ್ಟಿಟ್ಟಿಲ್ಲ.

ಹೌದು, ಬಿದ್ದೆ. ಎಷ್ಟು ಹೊತ್ತು ಬಿದ್ದಿದ್ದೆನೋ ನನಗೆ ತಿಳಿಯದು. ಎಚ್ಚರವಾದಾಗ ಕೆನ್ನೆಯ ಕೆಳಗೆ ತಣ್ಣನೆಯ ಸಿಮೆಂಟು, ತಲೆಯ ಹತ್ತಿರ ದಾಸಯ್ಯನ ಕೆಸರು ಕಾಲು. ಹೆದರಿದೆ. ನಿನಗೆ ಬರೆಯದೆ ಇದ್ದದ್ದು ಹಟದಿಂದಲ್ಲ, ಹೆದರಿಕೆಯಿಂದ. ಬರೆದರೆ ಸಿಗುವ ಉತ್ತರ ಯಾವುದೆಂದು ಗೊತ್ತಿತ್ತು.

ಆದರೆ ಒಂದು ಕೇಳುತ್ತೇನೆ. ನಾನು ಬಿದ್ದದ್ದು ಎಲ್ಲಿ? ರಸ್ತೆಯಲ್ಲಲ್ಲ, ಮೇಲಿನ ಬ್ಲಾಕಿನಲ್ಲಲ್ಲ. ಮನೆಯೊಳಗೆ, ನಾಲ್ಕು ಗೋಡೆಯ ನಡುವೆ, ಎಲ್ಲರೂ ಕ್ಷೇಮ ಎನ್ನುವ ಜಾಗದಲ್ಲಿ. ಹೊರಗೆ ನಾನು ಸುಮ್ಮನೆ ಕೂತರೂ ಮೂರು ಜನ ಸೌಟು ಹಿಡಿದು ಓಡಿ ಬರುತ್ತಾರೆ. ಒಳಗೆ ರಕ್ತ ಸುರಿದರೂ ಹಾಲು ಬರುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಈಗ ನೀನು ನನ್ನನ್ನು ಕರೆಯುತ್ತಿರುವುದೆಲ್ಲಿಗೆ? ಇನ್ನೊಂದು ಮನೆಯೊಳಕ್ಕೆ. ನೀನು ಬೆಳಿಗ್ಗೆ ಹೊರಟರೆ ಕತ್ತಲಾದ ಮೇಲೆ ಬರುತ್ತೀಯ. ನಿನ್ನ ಹೆಂಡತಿ ಶಾಲೆಗೆ ಹೋಗುತ್ತಾಳೆ. ಕೆಳಗಿನ ರೂಮಿನಲ್ಲಿ ನಾನೂ ಕಪಾಟೂ ಇರುತ್ತೇವೆ.

ಬಚ್ಚಲಿನ ಚಿಲಕ ಕೀಳಿಸಿದ್ದೇನೆ. ಹೊಸ ಬಾಗಿಲು ಹೊರಕ್ಕೆ ತೆರೆಯುವಂತೆ ಹಾಕಿಸಿದ್ದೇನೆ. ಗುಲಾಬಿ ಇದ್ದಾಗಲಷ್ಟೇ ಸ್ನಾನ. ಡಾಕ್ಟರು ಮಾತ್ರೆಯ ಪ್ರಮಾಣ ಹೆಚ್ಚಿಸಿದ್ದಾರೆ, ತಪ್ಪದೆ ತೆಗೆದುಕೊಳ್ಳುತ್ತಿದ್ದೇನೆ. ಮತ್ತೆ ಬೀಳುವುದಿಲ್ಲ ಎಂದು ಭಾಷೆ ಕೊಡಲಾರೆ. ಬಿದ್ದರೆ ಕಾಣುವ ಜಾಗದಲ್ಲಿ ಬೀಳುತ್ತೇನೆ.

ನೀನು ಬರಬಾರದು ಎಂದು ಹೇಳುತ್ತಿಲ್ಲ. ಬಾ. ಊಟ ಮಾಡಿಕೊಂಡು ಹೋಗು. ನನ್ನನ್ನು ಕರೆದುಕೊಂಡು ಹೋಗಲು ಬರಬೇಡ.

ಹೊಲಿಗೆ ಬಿಚ್ಚಿಸಿಕೊಂಡ,
ತಾರಿಣಿ


ಚಿಕ್ಕಮಗಳೂರು
13 ಡಿಸೆಂಬರ್ 2025

ಅಕ್ಕ,

ಭಾನುವಾರ ನಾನು ಬರಲಿಲ್ಲ ಅಂತ ನೀನು ತಿಳಿದಿರಬಹುದು. ಬಂದಿದ್ದೆ.

ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ನಿನ್ನ ಕಾಗದ ಓದಿದೆ. ಅದಕ್ಕೇ ತಡವಾಯಿತು. ಕೆಳಗಿನ ಗೇಟಿನ ತಿರುವಿಗೆ ಬರುವಾಗ ಬೆಳಕು ಇಳಿದಿತ್ತು, ಮಂಜು ಹಿಡಿದಿತ್ತು. ಅಲ್ಲಿಂದ ಗುಡ್ಡದ ಮೇಲೆ ಹಳದಿ ಲೈಟು ಕಂಡಿತು. ನೀನು ಕಾಣಲಿಲ್ಲ, ಲೈಟು ಮಾತ್ರ ತಿರುವು ತಿರುವಾಗಿ ಇಳಿಯುತ್ತಿತ್ತು. ನೋಡುತ್ತಾ ನಿಂತೆ. ನೋಡುತ್ತಿದ್ದ ಹಾಗೆ ಅದು ನಿಂತುಬಿಟ್ಟಿತು.

ಕಾರಿನ ಬಾಗಿಲು ತೆಗೆದವನು ಒಂದು ಕಾಲು ಹೊರಗಿಟ್ಟು ಹಾಗೇ ಕೂತೆ. ಕಾಲೇ ಬರಲಿಲ್ಲ ಅಕ್ಕ. ಮಂಗಳೂರಿನಲ್ಲೂ ಅಷ್ಟೇ. ಆಗ ನನಗೆ ಯಾವ ಫೋನೂ ಬಂದಿರಲಿಲ್ಲ. ನಿನ್ನ ತಲೆಯ ತಂತಿ ನೋಡಲಾರದೆ ಹೊರಗೆ ಹೋಗಿದ್ದೆ. ಪೂಜೆಯ ದಿನವೂ ಜನ ನಗುತ್ತಾರೆ ಅಂತ ಹೊದಿಸಿದ್ದಲ್ಲ. ಕಣದಲ್ಲಿ ಎಲ್ಲರೂ ನಿನ್ನನ್ನೇ ನೋಡುತ್ತಿದ್ದಾಗ ನೀನು ಬಿದ್ದುಬಿಟ್ಟರೆ ಅಂತ ಅನಿಸಿತು. ಲೈಟು ಆರಿಸಿದರೆ ಎಲ್ಲ ಸರಿ ಹೋಗುತ್ತೆ ಅನ್ನುವ ಹಾಗೆ.

ಅಷ್ಟರಲ್ಲಿ ಲೈನಿನ ಕಡೆಯಿಂದ ಕೂಗು ಕೇಳಿತು. "ಅಮ್ಮಾ! ಎಂತ ನಿಂತದ್ದು?" ಆಮೇಲೆ ನಿನ್ನ ದನಿ, ಬೈಯುವ ದನಿ. ಏನು ಬೈದೆ ಅಂತ ಕೇಳಿಸಲಿಲ್ಲ. ಲೈಟು ಮತ್ತೆ ಹೊರಟಿತು.

ಕಾರು ತಿರುಗಿಸಿಕೊಂಡು ಬಂದೆ. ಹರ್ಷವರ್ಧನ ಅವರಿಗೆ ಏನು ಹೇಳಬೇಕು ಅಂತ ಇನ್ನೂ ಗೊತ್ತಾಗಿಲ್ಲ.

ದಿಲೀಪ


ಸಂಸೆ
19 ಡಿಸೆಂಬರ್ 2025

ದಿಲೀಪ,

ಅವತ್ತು ನಾನು ಗಾಡಿ ನಿಲ್ಲಿಸಿದ್ದು ನಿನ್ನ ಕಾರು ಕಂಡದ್ದರಿಂದ. ನಿನ್ನ ಹೆಡ್‌ಲೈಟು ತಿರುವಿನಲ್ಲಿ ನಿಂತಿತು. ಮೇಲೆ ಬರುತ್ತೀಯ ಎಂದು ಕಾದೆ. ಅಡುಗೆಯೂ ಆಗಿತ್ತು. ಗುಲಾಬಿ ನಿನಗಿಂತ ಮೊದಲು ಬಂದುಬಿಟ್ಟಳು. ನಾನು ಅವಳಿಗೆ ಬೈದದ್ದು ಏನೆಂದರೆ, "ಸ್ವಲ್ಪ ತಡಿ ಮಾರಾಯ್ತಿ, ಅವ್ನು ಬರ್ಲಿ."

ಅವನು ಬರಲಿಲ್ಲ. ಲೈನಿನ ಉಳಿದವರೂ ಓಡಿ ಬಾರದಿರಲೆಂದು ಗಾಡಿಯನ್ನು ಸ್ವಲ್ಪ ಮುಂದೆ ಓಡಿಸಿದೆ. ಕಾರಿನ ಹಿಂದಿನ ಕೆಂಪು ಲೈಟು ಮಂಜಿನಲ್ಲಿ ಕರಗುವವರೆಗೆ ನಾವಿಬ್ಬರೂ ನೋಡಿದೆವು. "ಹೆದರಿಕೆಯಾ ಅವ್ರಿಗೆ?" ಎಂದು ಗುಲಾಬಿ ಕೇಳಿದಳು. ಹೌದು ಎಂದೆ. "ನಿಮಗೆ?" ಎಂದಳು. ನನಗೂ ಎಂದೆ. ಆಮೇಲೆ ಇಳಿದು ಬಂದು ಇಬ್ಬರೂ ನಿನ್ನ ಪಾಲಿನ ಕಡುಬು ತಿಂದೆವು.

ಮಂಗಳೂರಿನ ಫೋನಿನ ಮಾತನ್ನು ಎರಡು ಸಲ ಓದಿದೆ. ಅದನ್ನು ಆಗಲೇ ಹೇಳಿದ್ದರೆ ನಾನು ನಿನ್ನ ಕೈ ಹಿಡಿದುಕೊಳ್ಳುತ್ತಿದ್ದೆ. ಹಾಗೆಂದು ಮನೆ ಬಿಟ್ಟುಕೊಡುತ್ತೇನೆ ಎಂದುಕೊಳ್ಳಬೇಡ. ನಿನ್ನ ಹೆದರಿಕೆಗೆ ನನ್ನನ್ನು ಕೆಳಗಿನ ರೂಮಿನಲ್ಲಿಡುವುದು ಔಷಧಿಯಲ್ಲ. ಅದು ನಿನ್ನ ಹೆದರಿಕೆ, ನೀನೇ ನೋಡಿಕೊಳ್ಳಬೇಕು. ನನ್ನದನ್ನು ನಾನು ದಿನಾ ಸಂಜೆ ನಡೆಸಿಕೊಂಡು ಹೋಗಿ ಬರುತ್ತೇನೆ.

ಹರ್ಷವರ್ಧನರಿಗೆ ಏನು ಹೇಳುವುದು ಎಂದು ನೀನು ಯೋಚಿಸಬೇಕಾಗಿಲ್ಲ. ನಿನ್ನೆ ನಾನೇ ಫೋನ್ ಮಾಡಿದೆ. ಮನೆ ಕೊಡುವುದಿಲ್ಲ, ನಾನಿದ್ದೇನೆ ಎಂದೆ. ಅವರು ಬಹಳ ಮರ್ಯಾದೆಯಿಂದಲೇ ಮಾತಾಡಿದರು. "ಪರ್ವಾಗಿಲ್ಲ ಮೇಡಂ, ನಾವು ಕಾಯ್ತೀವಿ. ಅಲ್ಲಿ ಇನ್ನೆಷ್ಟು ದಿನ ಇರ್ತೀರಿ?" ಎಂದು ಕೇಳಿದರು.

"ನಾನು ಗೆಸ್ಟ್ ಅಲ್ಲ ಸಾರ್," ಎಂದೆ.

ನಿನ್ನ ಅಕ್ಕ,
ತಾರಿಣಿ